ಸಾಲ್ಸ್‌ಬರಿ ಮತ್ತು ಸುತ್ತಲಿನ ಹಳ್ಳಿಗಾಡು: ಹೋಗುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ. ಸಾಲ್ಸ್‌ಬರಿಗೆ ಅಲ್ಲಿಂದ ರೈಲಿನಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆ. ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ, ಸ್ನೇಹಿತರು, ಸ್ನೇಹಿತರ ನೆಂಟರು ಎಲ್ಲರನ್ನೂ ಕರೆದುಕೊಂಡು ಹೋಗಿದ್ದೇನೆ. ಪ್ರತಿಸಲವೂ ಅವೇ ಪ್ರಶ್ನೆಗಳು ಬರುತ್ತವೆ. ಅದಕ್ಕೇ ಉತ್ತರಗಳನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಸ್ಟೋನ್‌ಹೆಂಜ್‌ಗೆ ಹೇಗೂ ಹೋಗುತ್ತೇವೆ. ದಾರಿಯಲ್ಲಿ ಸಾಲ್ಸ್‌ಬರಿಯಲ್ಲಿ ಒಂದು ಗಂಟೆ ನಿಂತರೆ ಸಾಕಲ್ವಾ?

ಸಾಲದು. ಲಂಡನ್ನಿನಿಂದ ಹೊರಡುವ ಟೂರ್ ಬಸ್ಸುಗಳು ಒಂದೇ ದಿನದಲ್ಲಿ ವಿಂಡ್ಸರ್, ಸ್ಟೋನ್‌ಹೆಂಜ್, ಬಾತ್ ಎಲ್ಲವನ್ನೂ ಮುಗಿಸುತ್ತವೆ. ಅಂಥ ಓಟದಲ್ಲಿ ಸಾಲ್ಸ್‌ಬರಿ ಒಂದು ಫೋಟೋ ಅಷ್ಟೇ ಆಗುತ್ತದೆ. ಈ ಊರು ಕಾಲ್ನಡಿಗೆಯಲ್ಲಿ ಮಾತ್ರ ಸಿಗುವಂಥದ್ದು. ಅದರಲ್ಲೂ ಸಂಜೆ, ದಿನದ ಪ್ರವಾಸಿಗರೆಲ್ಲ ವಾಪಸ್ ಹೋದ ಮೇಲೆ, ಹುಲ್ಲಿನ ಮೇಲೆ ಇಲ್ಲಿನ ದೊಡ್ಡ ಚರ್ಚಾದ ಕೆಥೀಡ್ರಲ್‌ನ ಶಿಖರದ ನೆರಳು ಉದ್ದವಾಗುತ್ತಾ ಹೋಗುವಾಗ ನೋಡಬೇಕು. ಎರಡು ರಾತ್ರಿ ಉಳಿಯಿರಿ ಎನ್ನುವುದು ನನ್ನ ಸಲಹೆ. ಮೊದಲ ದಿನ ಊರಿಗೆ, ಎರಡನೆಯ ದಿನ ಸ್ಟೋನ್‌ಹೆಂಜ್‌ನ ಪುರಾತನ ಕಲ್ಲುಗಳಿಗೆ, ಮೂರನೆಯ ದಿನ ಬೆಳಿಗ್ಗೆ ಹೊಲದ ದಾರಿಗೆ.

ಹೆಸರನ್ನು ಹೇಗೆ ಹೇಳಬೇಕು?

ಇಂಗ್ಲಿಷಿನಲ್ಲಿ ಬರೆದಿರುವುದನ್ನು ಓದಿ ನಮ್ಮವರು ಸಾಲಿಸ್‌ಬರಿ ಎನ್ನುತ್ತಾರೆ. ನಡುವಿನ 'ಇ' ನುಂಗಿಬಿಡಿ. ಸಾಲ್ಸ್‌ಬರಿ, ಅಥವಾ ಇನ್ನೂ ಚುಟುಕಾಗಿ ಸಾಲ್ಸ್‌ಬ್ರಿ ಅಂದರೆ ಸರಿ. ಊರಿನ ಹಳೆಯ ಹೆಸರು ನ್ಯೂ ಸಾರಂ. 'ಹೊಸ' ಸಾರಂ ಯಾಕೆಂದರೆ ಹಳೆಯದೊಂದು ಗುಡ್ಡದ ಮೇಲಿದೆ. ಅದರ ಕಥೆ ಮುಂದೆ ಬರುತ್ತದೆ.

ಹೋಗುವುದು ಹೇಗೆ?

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ನೇರ ರೈಲಿದೆ, ಸುಮಾರು ಒಂದೂವರೆ ಗಂಟೆ. ನಿಲ್ದಾಣದಿಂದ ಕೆಥೀಡ್ರಲ್‌ಗೆ ನಡೆದರೆ ಹತ್ತು ಹದಿನೈದು ನಿಮಿಷ. ಹೀಥ್ರೂವಿನಲ್ಲಿ ಇಳಿದು ನೇರವಾಗಿ ಬರುವವರು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಲಂಡನ್ನಿನ ಒಳಗೆ ಹೋಗಬೇಕಿಲ್ಲ. ವಿಮಾನ ನಿಲ್ದಾಣದಿಂದ ವೋಕಿಂಗ್‌ಗೆ ಬಸ್ ಇದೆ, ವೋಕಿಂಗ್‌ನಲ್ಲಿ ಸಾಲ್ಸ್‌ಬರಿ ರೈಲು ಸಿಗುತ್ತದೆ.

ಟಿಕೆಟ್ ವಿಷಯದಲ್ಲಿ ಒಂದು ಮಾತು. ಬೆಳಗಿನ ಆಫೀಸ್ ಹೊತ್ತು ಕಳೆದ ಮೇಲೆ ಹೊರಟರೆ ದರ ಎಷ್ಟೋ ಇಳಿಯುತ್ತದೆ. ಮಕ್ಕಳ ಜೊತೆ ಓಡಾಡುವವರು ಫ್ಯಾಮಿಲಿ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ ಶೇ 60 ಕಡಿಮೆಯಾಗುತ್ತದೆ. ಪ್ರವಾಸಿಗರೂ ಇದನ್ನು ಕೊಳ್ಳಬಹುದು ಎಂಬುದು ನಮ್ಮ ಜನರಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಎರಡು ಮೂರು ಪ್ರಯಾಣದಲ್ಲೇ ಕಾರ್ಡಿನ ದುಡ್ಡು ವಾಪಸ್ ಬಂದಂತೆ.

ವೀಸಾ ಬೇಕಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಬೇಕು. ಸ್ಟ್ಯಾಂಡರ್ಡ್ ವಿಸಿಟರ್ ವೀಸಾ, ಒಂದು ಸಲಕ್ಕೆ ಹೆಚ್ಚೆಂದರೆ ಆರು ತಿಂಗಳು ಇರಬಹುದು. ಅರ್ಜಿ ಆನ್‌ಲೈನ್, ಬೆರಳಚ್ಚು ಮತ್ತು ಫೋಟೋ ಕೊಡುವ ಕೇಂದ್ರ ಬೆಂಗಳೂರಿನಲ್ಲೇ ಇದೆ. ಬೇಸಿಗೆ ರಜೆಯ ಮುಂಚೆ ಅರ್ಜಿಗಳು ಜಾಸ್ತಿ, ಮೊದಲೇ ಹಾಕಿಬಿಡಿ.

ಯಾವ ತಿಂಗಳು ಒಳ್ಳೆಯದು?

ಮೇ ಕೊನೆಯಿಂದ ಸೆಪ್ಟೆಂಬರ್ ನಡುವಿನ ತನಕ. ಜೂನ್‌ನಲ್ಲಿ ರಾತ್ರಿ ಒಂಬತ್ತರ ನಂತರವೂ ಬೆಳಕಿರುತ್ತದೆ. ಊಟ ಮುಗಿಸಿ ನದಿ ದಂಡೆಯಲ್ಲಿ ನಡೆದು ಬರಬಹುದು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಮಳೆ ಮಾತ್ರ ಯಾವಾಗ ಬೇಕಾದರೂ ಬರುತ್ತದೆ. ನಮ್ಮ ಮುಂಗಾರಿನಂತೆ ಸುರಿಯುವುದಿಲ್ಲ, ಜಿನುಗುತ್ತದೆ, ನಿಲ್ಲುತ್ತದೆ, ಮತ್ತೆ ಜಿನುಗುತ್ತದೆ. ಬಯಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ, ತಲೆ ಮುಚ್ಚುವ ಮಳೆಕೋಟು ತನ್ನಿ. ಜುಲೈ ಆದರೂ ಒಂದು ಸ್ವೆಟರ್ ಇರಲಿ.

ಕೆಥೀಡ್ರಲ್‌ನಲ್ಲಿ ಅಂಥದ್ದೇನಿದೆ?

ಇಂಗ್ಲೆಂಡಿನ ಹಳೆಯ ಕೆಥೀಡ್ರಲ್‌ಗಳಲ್ಲಿ ಹೆಚ್ಚಿನವನ್ನು ಕಟ್ಟಲು ನೂರಾರು ವರ್ಷ ಹಿಡಿದಿದೆ. ಹಾಗಾಗಿ ಒಂದು ಮೂಲೆ ಒಂದು ಶೈಲಿ, ಇನ್ನೊಂದು ಮೂಲೆ ಇನ್ನೊಂದು. ಸಾಲ್ಸ್‌ಬರಿ ಹಾಗಲ್ಲ. 1220ರ ಏಪ್ರಿಲ್ 28ರಂದು ಅಡಿಗಲ್ಲು ಇಟ್ಟರು, 1258ಕ್ಕೆ ಮುಖ್ಯ ಕಟ್ಟಡ ಮುಗಿದು ಪ್ರತಿಷ್ಠೆಯೂ ಆಯಿತು. ಮೂವತ್ತೆಂಟೇ ವರ್ಷ. ಒಬ್ಬನೇ ಕೂತು ಒಂದೇ ಉಸಿರಿನಲ್ಲಿ ಬರೆದ ಕಾಗದದಂತಿದೆ ಕಟ್ಟಡ. ಬಾಗಿಲು ದಾಟಿ ನಿಂತರೆ ಈ ತುದಿಯಿಂದ ಆ ತುದಿಯವರೆಗೆ ನೋಟ ಎಲ್ಲೂ ತಡೆಯುವುದಿಲ್ಲ.

ತಿಳಿ ಬಣ್ಣದ ಕಲ್ಲು ಪಕ್ಕದ ಚಿಲ್‌ಮಾರ್ಕ್ ಕಡೆಯ ಗಣಿಗಳದ್ದು. ಕಂಬಗಳ ಸುತ್ತ ನಿಂತಿರುವ ಕಪ್ಪು ಹೊಳಪಿನ ತೆಳು ಕಂಬಗಳು ಡಾರ್ಸೆಟ್ ಕರಾವಳಿಯ ಪರ್ಬೆಕ್ ಕಲ್ಲು. ಅದನ್ನು ಅಮೃತಶಿಲೆ ಎಂದು ಕರೆಯುತ್ತಾರೆ, ನಿಜಕ್ಕೂ ಅದು ಹೊಳಪು ಕೊಟ್ಟ ಸುಣ್ಣಕಲ್ಲು.

ಒಳಗೆ ಎರಡು ಕಡೆ ತಪ್ಪದೆ ನಿಲ್ಲಿ. ಒಂದು, ನಡುವಿನಲ್ಲಿರುವ ದೀಕ್ಷಾಸ್ನಾನದ ತೊಟ್ಟಿ. ಇದು ಹೊಸದು, 2008ರಲ್ಲಿ ವಿಲಿಯಂ ಪೈ ಎಂಬ ಶಿಲ್ಪಿ ಮಾಡಿದ್ದು. ನೀರು ನಾಲ್ಕು ಮೂಲೆಯಿಂದ ಸದಾ ಇಳಿಯುತ್ತಿದ್ದರೂ ಮೇಲ್ಮೈ ಕದಡುವುದೇ ಇಲ್ಲ. ಇಡೀ ಛಾವಣಿ ಅದರಲ್ಲಿ ತಲೆಕೆಳಗಾಗಿ ಕಾಣುತ್ತದೆ. ಇನ್ನೊಂದು, ಗಡಿಯಾರ. 1386ರದ್ದು ಎನ್ನುತ್ತಾರೆ, ಇಂದಿಗೂ ಓಡುವ ಗಡಿಯಾರಗಳಲ್ಲಿ ಜಗತ್ತಿನಲ್ಲೇ ಅತಿ ಹಳೆಯದು ಎಂಬ ಹೆಸರು ಅದಕ್ಕಿದೆ. ಮುಖವೂ ಇಲ್ಲ, ಮುಳ್ಳೂ ಇಲ್ಲ. ಬರೀ ಕಬ್ಬಿಣದ ಚೌಕಟ್ಟು, ಹಲ್ಲಿನ ಚಕ್ರ, ಹಗ್ಗ, ಕಲ್ಲಿನ ತೂಕ. ಗಂಟೆಗೊಮ್ಮೆ ಹೊಡೆಯುವುದಷ್ಟೇ ಅದರ ಕೆಲಸವಾಗಿತ್ತು. ನನ್ನ ಮಾವನವರು ಊರಿನಲ್ಲಿ ರೈಸ್‌ಮಿಲ್ ನಡೆಸಿದವರು. ನಾವೆಲ್ಲ ಬಣ್ಣದ ಗಾಜು ನೋಡುತ್ತಾ ಮುಂದೆ ಹೋದರೆ ಅವರು ಆ ಗಡಿಯಾರದ ಮುಂದೆಯೇ ಮುಕ್ಕಾಲು ಗಂಟೆ ನಿಂತಿದ್ದರು. ಯಾವ ಚಕ್ರ ಯಾವುದನ್ನು ತಿರುಗಿಸುತ್ತದೆ ಎಂದು ಕೊನೆಗೆ ನಮಗೇ ಬಿಡಿಸಿ ಹೇಳಿದರು.

ಶಿಖರ ವಾಲಿದೆ ಅಂತಾರೆ, ನಿಜವಾ? ಮೇಲೆ ಹತ್ತಬಹುದಾ?

ನಿಜ. ಮೊದಲ ಕಟ್ಟಡದಲ್ಲಿ ಇಷ್ಟು ಎತ್ತರದ ಶಿಖರದ ಯೋಜನೆಯೇ ಇರಲಿಲ್ಲ. 14ನೇ ಶತಮಾನದ ಮೊದಲ ಭಾಗದಲ್ಲಿ ಗೋಪುರ ಎತ್ತರಿಸಿ ಅದರ ಮೇಲೆ ಚೂಪು ಶಿಖರ ಕೂರಿಸಿದರು. ಒಟ್ಟು 123 ಮೀಟರ್, ಬ್ರಿಟನ್ನಿನ ಚರ್ಚುಗಳಲ್ಲೇ ಅತಿ ಎತ್ತರದ್ದು. ಗೋಪುರ, ಶಿಖರ ಸೇರಿ ಸುಮಾರು 6,500 ಟನ್ ಭಾರ ಹೆಚ್ಚಾಯಿತು. ಕೆಳಗಿನ ಪಾಯ ನೋಡಿದರೆ ನಾಲ್ಕೇ ಅಡಿ! ಅದರಡಿ ಜಲ್ಲಿಕಲ್ಲಿನ ಪದರ, ಜಲ್ಲಿಯ ತುಂಬ ನೀರು. ಆ ಗಟ್ಟಿ ಜಲ್ಲಿಯೇ ಇಷ್ಟನ್ನೂ ಹೊತ್ತಿದೆ. ನೆಲದಲ್ಲಿರುವ ಒಂದು ಸಣ್ಣ ತೂತಿನಲ್ಲಿ ಕೋಲು ಇಳಿಸಿ ನೀರು ಎಷ್ಟಿದೆ ಎಂದು ಅಲ್ಲಿನವರು ನೋಡುತ್ತಾರೆ.

ನಡುವಿನ ನಾಲ್ಕು ದೊಡ್ಡ ಕಂಬಗಳ ಪಕ್ಕ ನಿಂತು ಕತ್ತೆತ್ತಿ ನೋಡಿ. ಕಲ್ಲು ಬಾಗಿರುವುದು ಬರಿಗಣ್ಣಿಗೇ ಕಾಣುತ್ತದೆ. 1668ರಲ್ಲಿ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಬಂದು ಅಳೆದಾಗ ಶಿಖರ ಸುಮಾರು 75 ಸೆಂಟಿಮೀಟರ್ ವಾಲಿತ್ತು.

ಹತ್ತುವುದಕ್ಕೆ ಗೈಡ್ ಜೊತೆಗಿನ ಟವರ್ ಟೂರ್ ಇದೆ. 332 ಮೆಟ್ಟಿಲು, ಲಿಫ್ಟ್ ಇಲ್ಲ. ಕೆಲವು ಕಡೆ ಸುತ್ತುಮೆಟ್ಟಿಲು ತೀರಾ ಇಕ್ಕಟ್ಟು. ಶಿಖರದ ಬುಡದವರೆಗೆ ಹೋಗಿ ನಾಲ್ಕು ದಿಕ್ಕನ್ನೂ ನೋಡಬಹುದು. ಅಲ್ಲಿಗಿಂತ ಮೇಲೆ, ಶಿಖರದ ಒಳಗೆ ತಲೆ ಎತ್ತಿದರೆ ಮಧ್ಯಯುಗದ ಮರದ ಅಟ್ಟಣಿಗೆ ಇನ್ನೂ ಹಾಗೇ ಇದೆ. ನನಗೆ ಹೊರಗಿನ ನೋಟಕ್ಕಿಂತ ಆ ಮರದ ತೊಲೆಗಳೇ ಹೆಚ್ಚು ಇಷ್ಟ. ಏಳುನೂರು ವರ್ಷದ ಹಿಂದಿನ ಬಡಗಿಯ ಕೆಲಸವನ್ನು ಅಷ್ಟು ಹತ್ತಿರದಿಂದ ನೋಡಲು ಬೇರೆಲ್ಲಿ ಸಿಗುತ್ತದೆ? ಮಂಡಿನೋವು, ಎದೆನೋವು, ಎತ್ತರದ ಭಯ ಇದ್ದವರು ಬೇಡ. ವಸಂತದಲ್ಲಿ ಹೋದರೆ ಗೋಪುರದಲ್ಲಿ ಗೂಡು ಕಟ್ಟುವ ಪೆರಿಗ್ರಿನ್ ಡೇಗೆಗಳು ತಲೆಯ ಮೇಲೆ ಸುತ್ತುತ್ತಿರುತ್ತವೆ.

ಮ್ಯಾಗ್ನಾ ಕಾರ್ಟಾ ಅಲ್ಲಿದೆಯಂತೆ. ನೋಡಲು ಏನಿರುತ್ತದೆ?

ಇಂಗ್ಲೆಂಡಿನ ರಾಜನಿಂದ ಬರೆಸಿಕೊಂಡ ಹಕ್ಕುಪತ್ರ ಅದು. ನೋಡಲು ಒಂದು ಹಾಳೆ, ಅಷ್ಟೇ. ಕುರಿ ಚರ್ಮದ ಹಾಳೆಯ ಮೇಲೆ ಸಾಸಿವೆಯಂಥ ಲ್ಯಾಟಿನ್ ಅಕ್ಷರ. ಮೊಹರು ಯಾವಾಗಲೋ ಕಳೆದುಹೋಗಿದೆ. 1215ರ ಪ್ರತಿಗಳಲ್ಲಿ ಇಂದು ಉಳಿದಿರುವುದು ನಾಲ್ಕು: ಎರಡು ಬ್ರಿಟಿಷ್ ಲೈಬ್ರರಿಯದ್ದು, ಒಂದು ಲಿಂಕನ್‌ದು, ಒಂದು ಇಲ್ಲಿಯದು. ಅಕ್ಷರ ಅತಿ ಚೆನ್ನಾಗಿ ಉಳಿದಿರುವುದು ಇಲ್ಲಿಯದರಲ್ಲೇ. ಪ್ರತಿಗಳನ್ನು ಹಂಚುವ ಕೆಲಸದಲ್ಲಿದ್ದ ಇಲಿಯಾಸ್ ಆಫ್ ಡೆರೆಮ್ ಮುಂದೆ ಈ ಕೆಥೀಡ್ರಲ್ ಕಟ್ಟುವ ಉಸ್ತುವಾರಿಯನ್ನೂ ನೋಡಿಕೊಂಡರು.

ಯಾರಿಗೂ ನ್ಯಾಯವನ್ನು ಮಾರುವುದಿಲ್ಲ, ಇಲ್ಲ ಎನ್ನುವುದಿಲ್ಲ, ತಡ ಮಾಡುವುದಿಲ್ಲ ಎಂಬ ಮಾತು ಇರುವುದು ಇದರಲ್ಲೇ. ರಾಜನೂ ಕಾನೂನಿಗೆ ತಲೆಬಾಗಬೇಕು ಎಂದು ಬರೆಸಿಕೊಂಡ ಹಾಳೆ ಇದು. ಇದನ್ನು ಗೊತ್ತಿಟ್ಟುಕೊಂಡು ಹೋದರೆ ಹಾಳೆ ಇಟ್ಟಿರುವ ಕತ್ತಲ ಗೂಡಿನಲ್ಲಿ ಎರಡು ನಿಮಿಷ ಹೆಚ್ಚು ನಿಲ್ಲುತ್ತೀರಿ. ಫೋಟೋ ತೆಗೆಯುವಂತಿಲ್ಲ. ಹೊರಬಂದ ಮೇಲೆ ಆ ಗೂಡು ಇರುವ ಎಂಟು ಮೂಲೆಯ ಸಭಾಮನೆಯ ಗೋಡೆ ಸುತ್ತ ಕೆತ್ತಿರುವ ಪಟ್ಟಿಕೆಯನ್ನು ನೋಡಿ. ಬೈಬಲ್ಲಿನ ಸೃಷ್ಟಿಯ ಕಥೆಯಿಂದ ಶುರುವಾಗಿ ಒಂದೊಂದೇ ಪ್ರಸಂಗ ಕಲ್ಲಿನಲ್ಲಿ ಸಾಗುತ್ತದೆ. ದೇವಸ್ಥಾನದ ಗೋಡೆಯಲ್ಲಿ ರಾಮಾಯಣ ಓದಿ ಅಭ್ಯಾಸ ಇರುವ ನಮ್ಮ ಕಣ್ಣಿಗೆ ಇದು ಸಲೀಸು.

ನಾವು ಕ್ರೈಸ್ತರಲ್ಲ. ಒಳಗೆ ಹೋಗಬಹುದಾ? ಪ್ರಾರ್ಥನೆಗೆ ಕೂರಬಹುದಾ?

ಧಾರಾಳವಾಗಿ. ಯಾರೂ ಏನೂ ಕೇಳುವುದಿಲ್ಲ. ಚಪ್ಪಲಿ ಬಿಡಬೇಕಿಲ್ಲ. ಗಂಡಸರು ಟೋಪಿ ತೆಗೆಯುವುದು ಅಲ್ಲಿಯ ಮರ್ಯಾದೆ. ನೋಡಲು ಹೋಗುವವರಿಗೆ ಟಿಕೆಟ್ ಇದೆ, ಪ್ರಾರ್ಥನೆಗೆ ಹೋಗುವವರಿಗೆ ಇಲ್ಲ.

ಈವನ್‌ಸಾಂಗ್ ಎನ್ನುವ ಸಂಜೆಯ ಹಾಡಿನ ಪ್ರಾರ್ಥನೆಯನ್ನು ಬಿಡಬೇಡಿ. ಸಾಮಾನ್ಯವಾಗಿ ವಾರದ ದಿನಗಳಲ್ಲಿ ಸಂಜೆ ಐದೂವರೆಗೆ, ಆದರೆ ಆ ದಿನದ ಸಮಯ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಮುಕ್ಕಾಲು ಗಂಟೆ ಅಷ್ಟೇ. ನೀವೇನೂ ಹಾಡಬೇಕಿಲ್ಲ, ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಹುಡುಗಿಯರಿಗೆಂದೇ ಬೇರೆ ಗಾಯಕ ತಂಡ ಕಟ್ಟಿದ ಮೊದಲ ಇಂಗ್ಲಿಷ್ ಕೆಥೀಡ್ರಲ್ ಇದು, 1991ರಲ್ಲಿ. ಆ ಮಕ್ಕಳ ದನಿ ಮೇಲೆ ಹೋಗಿ ಕಲ್ಲಿಗೆ ತಾಗಿ ನಿಧಾನವಾಗಿ ಇಳಿದು ಬರುತ್ತದೆ. ನನ್ನ ಅಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಮುಗಿದ ಮೇಲೂ ಐದು ನಿಮಿಷ ಎದ್ದಿರಲಿಲ್ಲ. 'ನಾಳೆನೂ ಇರುತ್ತಾ?' ಎಂದು ಕೇಳಿದರು. ಮರುದಿನವೂ ಹೋದೆವು.

ಕ್ಲೋಸ್ ಅಂದರೇನು?

ಕೆಥೀಡ್ರಲ್ ಸುತ್ತಲಿನ ಗೋಡೆಯೊಳಗಿನ ಆವರಣ. ಬ್ರಿಟನ್ನಿನಲ್ಲೇ ಅತಿ ದೊಡ್ಡದು. ಹುಲ್ಲುಹಾಸು, ಹಳೆಯ ಮನೆಗಳು, ಎರಡು ಮೂರು ಮ್ಯೂಸಿಯಂ. ಗೋಡೆಯಲ್ಲಿ ಅಲ್ಲಲ್ಲಿ ಹೂವಿನ ಕೆತ್ತನೆಯ ಕಲ್ಲುಗಳು ಹೇಗೆಂದರೆ ಹಾಗೆ ಸೇರಿಕೊಂಡಿವೆ, ಹುಡುಕಿ ನೋಡಿ. ಅವು ಗುಡ್ಡದ ಮೇಲಿನ ಹಳೆಯ ಕೆಥೀಡ್ರಲ್ ಕೆಡವಿ ತಂದ ಕಲ್ಲುಗಳು. ಇಲ್ಲಿ ಇಂದಿಗೂ ಜನ ವಾಸಿಸುತ್ತಾರೆ, ರಾತ್ರಿ ಹೆಬ್ಬಾಗಿಲುಗಳಿಗೆ ಬೀಗ ಬೀಳುತ್ತದೆ. ಒಳಗಿರುವ ಸಾಲ್ಸ್‌ಬರಿ ಮ್ಯೂಸಿಯಂಗೆ ಸ್ಟೋನ್‌ಹೆಂಜ್‌ಗೆ ಮುಂಚೆಯೇ ಹೋಗಿ. ಅಲ್ಲಿ ಏಮ್ಸ್‌ಬರಿ ಬಿಲ್ಲುಗಾರ ಎಂದು ಹೆಸರಾದವನ ಅಸ್ಥಿಪಂಜರ ಇದೆ. 2002ರಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಪೂ. 2300ರವನು. ಹಲ್ಲಿನ ಪರೀಕ್ಷೆಯಿಂದ ಅವನು ಬೆಳೆದದ್ದು ಆಲ್ಪ್ಸ್ ಕಡೆ ಎಂದು ತಿಳಿದಿದೆ. ಮೊದಲು ಅವನನ್ನು ನೋಡಿದರೆ ಆಮೇಲೆ ಆ ಬಯಲಿನಲ್ಲಿ ಬರೀ ಕಲ್ಲು ಕಾಣುವುದಿಲ್ಲ, ಮನುಷ್ಯರು ಕಾಣುತ್ತಾರೆ.

ಓಲ್ಡ್ ಸಾರಂಗೆ ಹೋಗಬೇಕಾ? ಅಲ್ಲಿ ಏನೂ ಇಲ್ಲ ಅಂತ ಕೇಳಿದ್ದೆ.

ಕಟ್ಟಡ ಉಳಿದಿಲ್ಲ, ನಿಜ. ಆದರೂ ಹೋಗಿ. ಊರಿನಿಂದ ಮೂರು ಕಿಲೋಮೀಟರ್ ಉತ್ತರಕ್ಕೆ, ಸಿಟಿ ಬಸ್ ಇದೆ. ಕಬ್ಬಿಣ ಯುಗದ ಮಣ್ಣಿನ ಕೋಟೆ, ಅದರೊಳಗೆ ನಾರ್ಮನ್ನರ ಕೋಟೆ, ಪಕ್ಕದಲ್ಲಿ ಮೊದಲ ಕೆಥೀಡ್ರಲ್‌ನ ಪಾಯದ ಗುರುತು. ಆ ಕೆಥೀಡ್ರಲ್ 1092ರಲ್ಲಿ ಪ್ರತಿಷ್ಠೆಯಾಗಿ ಐದೇ ದಿನಕ್ಕೆ ಬಿರುಗಾಳಿಗೆ ಹಾನಿಯಾಯಿತು. ಮೇಲೆ ನೀರಿಗೆ ಕಷ್ಟ, ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ಜಗಳ. ಕೊನೆಗೆ ಬಿಷಪ್ ರಿಚರ್ಡ್ ಪೋರ್ ಕೆಳಗಿನ ನದಿ ಬಯಲಿಗೆ ಇಳಿದು ಹೊಸ ಊರನ್ನೇ ಕಟ್ಟಿಸಿದರು. ಗುಡ್ಡದಿಂದ ಬಾಣ ಬಿಟ್ಟು, ಬಾಣ ತಾಗಿದ ಜಿಂಕೆ ಸತ್ತು ಬಿದ್ದಲ್ಲಿ ಕಟ್ಟಿದರು ಎಂದು ಕಥೆ ಹೇಳುತ್ತಾರೆ.

ಜನ ಇಳಿದು ಹೋದರೂ ಪಾರ್ಲಿಮೆಂಟಿನಲ್ಲಿ ಗುಡ್ಡದ ಸೀಟು ಉಳಿಯಿತು. ಮನೆಯೇ ಇಲ್ಲದ ಈ ಜಾಗದಿಂದ 1832ರ ಸುಧಾರಣಾ ಕಾಯ್ದೆ ಬರುವವರೆಗೆ ಇಬ್ಬರು ಸದಸ್ಯರು ಆರಿಸಿ ಹೋಗುತ್ತಿದ್ದರು. ನೆಲ ಯಾರದೋ ಸೀಟು ಅವರದೇ. ಆ ನೆಲವನ್ನು 1691ರಲ್ಲಿ ಕೊಂಡವನು ಥಾಮಸ್ ಪಿಟ್. ಮುಂದೆ 1698ರಿಂದ 1709ರವರೆಗೆ ಮದ್ರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಆಗಿದ್ದವನು ಇವನೇ. ಕೃಷ್ಣಾ ದಂಡೆಯ ಕೊಲ್ಲೂರು ಗಣಿಯಲ್ಲಿ ಸಿಕ್ಕ ದೊಡ್ಡ ವಜ್ರವನ್ನು ಅಲ್ಲಿ ಕೊಂಡು, 1717ರಲ್ಲಿ ಫ್ರಾನ್ಸಿಗೆ ಮಾರಿದ. (ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ಆಂಧ್ರದ ಕೊಲ್ಲೂರು.) ಆ ವಜ್ರ ಈಗ ಪ್ಯಾರಿಸಿನ ಲೂವ್ರ್‌ನಲ್ಲಿದೆ. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಇದೇ ಖಾಲಿ ಗುಡ್ಡದ ಸೀಟಿನಿಂದ ಪಾರ್ಲಿಮೆಂಟಿಗೆ ಹೋಗಿ ಮುಂದೆ ಪ್ರಧಾನಿಯೂ ಆದ. ದಿಬ್ಬದ ಮೇಲೆ ನಿಂತು ಕೆಳಗಿನ ಶಿಖರ ನೋಡುವಾಗ ನನಗೆ ಪ್ರತಿಸಲವೂ ಆ ಗಣಿಯಲ್ಲಿ ಅಗೆದವರ ನೆನಪಾಗುತ್ತದೆ.

ಸ್ಟೋನ್‌ಹೆಂಜ್‌ನಲ್ಲಿ ಕಲ್ಲುಗಳನ್ನು ಮುಟ್ಟಬಹುದಾ? ಅಷ್ಟು ದುಡ್ಡು ಕೊಟ್ಟು ಹೋಗುವಂಥದ್ದಾ?

ಮುಟ್ಟುವಂತಿಲ್ಲ. ಸುತ್ತಲಿನ ದಾರಿಯಲ್ಲಿ ನಡೆದು ನೋಡಬೇಕು. ಬೆಳಗಿನ ಜಾವ ಅಥವಾ ಸಂಜೆ ಕಲ್ಲುಗಳ ನಡುವೆಯೇ ಬಿಡುವ ವಿಶೇಷ ಟಿಕೆಟ್ ಇದೆ, ಬಹಳ ಮೊದಲೇ ಕಾಯ್ದಿರಿಸಬೇಕು. ಸಾಲ್ಸ್‌ಬರಿ ರೈಲು ನಿಲ್ದಾಣದಿಂದಲೇ ಸ್ಟೋನ್‌ಹೆಂಜ್ ಟೂರ್ ಬಸ್ ಹೊರಡುತ್ತದೆ, ಸುಮಾರು ಅರ್ಧ ಗಂಟೆ. ಟಿಕೆಟ್ ಕೇಂದ್ರ ಕಲ್ಲುಗಳಿಂದ ಎರಡು ಕಿಲೋಮೀಟರಿಗೂ ದೂರ. ಅಲ್ಲಿಂದ ಷಟಲ್ ಇದೆ, ಆದರೆ ಕಾಲು ಗಟ್ಟಿ ಇದ್ದರೆ ನಡೆಯಿರಿ. ದೂರದಿಂದ ಕಲ್ಲುಗಳು ಸಣ್ಣದಾಗಿ ಕಂಡು, ಹೆಜ್ಜೆ ಹೆಜ್ಜೆಗೆ ಬೆಳೆಯುತ್ತವೆ.

ದುಡ್ಡಿನ ಮಾತಿಗೆ: ಈ ಕಲ್ಲುಗಳು ಎಲ್ಲಿಂದ ಬಂದವು ಎಂದು ತಿಳಿದರೆ ಬೆಲೆ ಗೊತ್ತಾಗುತ್ತದೆ. ದೊಡ್ಡ ಸಾರ್ಸನ್ ಕಲ್ಲುಗಳು ಒಂದೊಂದೂ ಸರಾಸರಿ 25 ಟನ್. ಅವು ಸುಮಾರು 25 ಕಿಲೋಮೀಟರ್ ದೂರದ ವೆಸ್ಟ್ ವುಡ್ಸ್‌ನಿಂದ ಬಂದವು ಎಂದು 2020ರಲ್ಲಿ ತಿಳಿಯಿತು. ಚಿಕ್ಕ ನೀಲಿಗಲ್ಲುಗಳು ವೇಲ್ಸಿನ ಪ್ರೆಸೆಲಿ ಬೆಟ್ಟದವು, 200 ಕಿಲೋಮೀಟರಿಗೂ ಹೆಚ್ಚು ದೂರ. ನಡುವೆ ಮಲಗಿರುವ ಕಲ್ಲಂತೂ ಸ್ಕಾಟ್ಲೆಂಡಿನ ಈಶಾನ್ಯ ಭಾಗದ್ದು ಎಂದು 2024ರಲ್ಲಿ ವಿಜ್ಞಾನಿಗಳು ಹೇಳಿದರು. ಇದೆಲ್ಲ ನಾಲ್ಕೂವರೆ ಸಾವಿರ ವರ್ಷದ ಹಿಂದೆ, ಅಲ್ಲಿ ಗಾಡಿಯ ಚಕ್ರವೂ ಇಲ್ಲದ ಕಾಲದಲ್ಲಿ. 1915ರಲ್ಲಿ ಈ ಜಾಗ ಸಾಲ್ಸ್‌ಬರಿಯಲ್ಲಿ ಹರಾಜಿಗೆ ಬಂತು. ಸೆಸಿಲ್ ಚಬ್ ಎಂಬುವರು 6,600 ಪೌಂಡಿಗೆ ಕೊಂಡು, ಮೂರು ವರ್ಷದ ನಂತರ ದೇಶಕ್ಕೇ ಕೊಟ್ಟುಬಿಟ್ಟರು.

ಕಲ್ಲು ಮುಟ್ಟಲೇಬೇಕು ಅಂದರೆ ಏವ್‌ಬರಿಗೆ ಹೋಗಿ. ಕಲ್ಲಿನ ವೃತ್ತಗಳಲ್ಲಿ ಅದೇ ಅತಿ ದೊಡ್ಡದು, ಒಂದು ಹಳ್ಳಿಯೇ ಅದರೊಳಗಿದೆ. ಕಲ್ಲು ನೋಡಲು ಟಿಕೆಟ್ ಇಲ್ಲ, ಕುರಿಗಳು ಕಲ್ಲಿಗೆ ಬೆನ್ನು ಉಜ್ಜುತ್ತಾ ಮೇಯುತ್ತಿರುತ್ತವೆ. ಕಾರು ಇದ್ದರೆ ಸುಲಭ.

ನಮ್ಮ ಕಡೆಯೂ ಇಂಥ ಕಲ್ಲುಗಳಿವೆ. ಏನಾದರೂ ಸಂಬಂಧ ಇದೆಯಾ?

ಹಿರೇಬೆಣಕಲ್ ಗುಡ್ಡದ ಮೋರ್ಯರ ಮನೆಗಳನ್ನು, ಅಂದರೆ ಹಳೆಯ ಕಲ್ಲಿನ ಗೋರಿಗಳನ್ನು, ಕಂಡವರು ಇದನ್ನು ಕೇಳಿಯೇ ಕೇಳುತ್ತಾರೆ. ಕಟ್ಟಿದವರ ನಡುವೆ ಸಂಬಂಧ ಇಲ್ಲ. ಸ್ಟೋನ್‌ಹೆಂಜ್‌ಗೂ ನಮ್ಮ ಕಬ್ಬಿಣ ಯುಗದ ಗೋರಿಗಳಿಗೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷದ ಅಂತರ. ಆದರೆ ಹುಡುಕಿದವರ ನಡುವೆ ಸಂಬಂಧ ಇದೆ. 1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅಲ್ಲಿನ ಕಲ್ಗೋರಿಗಳನ್ನು ಅಗೆದು, ಅಳೆದು, ಬ್ರಿಟನ್ನಿನ ಕಲ್ಲುಗಳ ಜೊತೆ ಹೋಲಿಸಿ ಬರೆದರು. ನೂರು ವರ್ಷದ ನಂತರ, 1947ರಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅದಕ್ಕೂ ಮುಂಚೆ 1934ರಿಂದ 37ರವರೆಗೆ ಅಗೆದಿದ್ದು ಡಾರ್ಚೆಸ್ಟರ್ ಪಕ್ಕದ ಮೇಡನ್ ಕಾಸಲ್ ಎಂಬ ಮಣ್ಣಿನ ಕೋಟೆಯನ್ನು. ಪದರ ಪದರವಾಗಿ ಮಣ್ಣು ಬಿಡಿಸಿ ಕಾಲ ಗೊತ್ತು ಮಾಡುವ ಅವರ ರೀತಿ ಮೇಡನ್ ಕಾಸಲ್‌ನಲ್ಲಿ ಪಳಗಿ ಬ್ರಹ್ಮಗಿರಿಗೆ ಬಂತು. ಮೇಡನ್ ಕಾಸಲ್ ಸಾಲ್ಸ್‌ಬರಿಯಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಪ್ರವೇಶ ಉಚಿತ.

ಹೊಲಗಳ ನಡುವೆ ಸುಮ್ನೆ ನಡೆದು ಹೋಗಬಹುದಾ? ಮಾಲೀಕರು ಬೈಯಲ್ವಾ?

ಬೈಯುವುದಿಲ್ಲ, ಸರಿಯಾದ ದಾರಿಯಲ್ಲಿದ್ದರೆ. ಪಬ್ಲಿಕ್ ಫುಟ್‌ಪಾತ್ ಎಂದು ಬೋರ್ಡ್ ಇದ್ದರೆ ಆ ದಾರಿ ಯಾರದೇ ಹೊಲದಲ್ಲಿದ್ದರೂ ನಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಹಳದಿ ಬಾಣದ ಗುರುತು ನೋಡಿಕೊಂಡು ಹೋಗಿ. ನೀಲಿ ಬಾಣ ಇದ್ದರೆ ಕುದುರೆ, ಸೈಕಲ್ಲುಗಳೂ ಬರುತ್ತವೆ. ಬೇಲಿ ಅಡ್ಡ ಬಂದಲ್ಲಿ ತಡಮೆ ಇರುತ್ತದೆ, ಥೇಟ್ ಮಲೆನಾಡಿನಂತೆ: ಮನುಷ್ಯರು ದಾಟಬಹುದು, ದನ ದಾಟುವುದಿಲ್ಲ. ಗೇಟ್ ತೆರೆದರೆ ಮತ್ತೆ ಮುಚ್ಚಿ. ಕರು ಇರುವ ಹಸುಗಳ ಹತ್ತಿರ ಹೋಗಬೇಡಿ, ದೂರದಿಂದ ಸುತ್ತಿ ಬನ್ನಿ. ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 130ನೇ ನಕ್ಷೆಯಲ್ಲಿ ಸಾಲ್ಸ್‌ಬರಿ, ಸ್ಟೋನ್‌ಹೆಂಜ್ ಸುತ್ತಲಿನ ಈ ದಾರಿಗಳು ಇವೆ.

ಮೊದಲ ನಡಿಗೆಗೆ ಟೌನ್ ಪಾತ್ ಸಾಕು. ಊರಿನ ಕ್ವೀನ್ ಎಲಿಜಬೆತ್ ಗಾರ್ಡನ್ಸ್‌ನಿಂದ ಹಾರ್ನಮ್‌ನ ಹಳೆಯ ಗಿರಣಿವರೆಗೆ, ಹದಿನೈದು ಇಪ್ಪತ್ತು ನಿಮಿಷ. ಎರಡೂ ಕಡೆ ವಾಟರ್ ಮೆಡೋ, ಅಂದರೆ ನೀರು ಹಾಯಿಸುವ ಹುಲ್ಲುಗಾವಲು. ಚಳಿಗಾಲದಲ್ಲಿ ನದಿಯ ನೀರನ್ನು ಕಾಲುವೆಗಳಿಂದ ತೆಳ್ಳಗೆ ಹರಿಸಿ ನೆಲ ಹೆಪ್ಪುಗಟ್ಟದಂತೆ ಕಾಯುತ್ತಿದ್ದರು. ಅದರಿಂದ ಕುರಿಗಳಿಗೆ ಬೇಗ ಹುಲ್ಲು ಸಿಗುತ್ತಿತ್ತು. ತೂಬು ಎತ್ತಿ ಇಳಿಸಲು ಒಬ್ಬ ಆಳು ಇರುತ್ತಿದ್ದ, ನಮ್ಮ ನೀರುಗಂಟಿಯಂತೆ. ಈ ಕಡೆಯಿಂದ ಕಾಣುವ ಕೆಥೀಡ್ರಲ್ ನೋಟವನ್ನೇ ಜಾನ್ ಕಾನ್‌ಸ್ಟೇಬಲ್ ಚಿತ್ರವಾಗಿ ಬರೆದು 1831ರಲ್ಲಿ ಪ್ರದರ್ಶಿಸಿದ್ದು. ನೀರು, ಹುಲ್ಲು, ಮರ, ಶಿಖರ ಎಲ್ಲ ಇಂದಿಗೂ ಇವೆ. ಸಂಜೆ ಹೋಗಿ.

ಉತ್ತರದ ದೊಡ್ಡ ಬಯಲಿನಲ್ಲಿ ಕೆಂಪು ಬಾವುಟ ಕಂಡೆವು, ಏನದು?

ಅದು ಸಾಲ್ಸ್‌ಬರಿ ಪ್ಲೇನ್, ಬ್ರಿಟನ್ನಿನ ಅತಿ ದೊಡ್ಡ ಸೈನಿಕ ತರಬೇತಿ ಪ್ರದೇಶ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಗುಂಡು ಹಾರಿಸುತ್ತಿದ್ದಾರೆ ಎಂದರ್ಥ, ಕಾಲಿಡಬೇಡಿ. ಉಳುಮೆ ಇಲ್ಲದ್ದರಿಂದ ಇಲ್ಲಿನ ಹುಲ್ಲುಗಾವಲು ಉಳಿದುಕೊಂಡಿದೆ. ಬ್ರಿಟನ್ನಿನಲ್ಲಿ 1832ರ ನಂತರ ಮರಿ ಮಾಡುವುದನ್ನೇ ನಿಲ್ಲಿಸಿದ್ದ ಗ್ರೇಟ್ ಬಸ್ಟರ್ಡ್ ಹಕ್ಕಿಯನ್ನು 2004ರಿಂದ ಇಲ್ಲಿ ಮತ್ತೆ ತಂದು ಬಿಟ್ಟಿದ್ದಾರೆ, ಮರಿಗಳೂ ಆಗಿವೆ. ಇದು ನಮ್ಮ ಎರೆಭೂತ ಹಕ್ಕಿಯ ಹತ್ತಿರದ ನೆಂಟ. ಸಿರುಗುಪ್ಪದ ಕಡೆ ನಮ್ಮಲ್ಲಿ ಬೆರಳೆಣಿಕೆಯಷ್ಟೇ ಉಳಿದಿರುವುದನ್ನು ಬಲ್ಲವರಿಗೆ, ಇಲ್ಲಿ ಆ ದೊಡ್ಡ ರೆಕ್ಕೆ ಬಡಿಯುವುದನ್ನು ಕಂಡರೆ ಗಂಟಲು ಕಟ್ಟುತ್ತದೆ.

ಬೇರೆ ಯಾವ ಊರುಗಳಿಗೆ ಹೋಗಬಹುದು?

ನನಗೆ ಇಷ್ಟವಾದದ್ದು ಟಿಸ್‌ಬರಿ. ರೈಲಿನಲ್ಲಿ ಹದಿನೈದು ನಿಮಿಷ. ಇಲ್ಲಿಂದ ಹೊಲದ ದಾರಿಯಲ್ಲಿ ಓಲ್ಡ್ ವಾರ್ಡರ್ ಎಂಬ ಪಾಳು ಕೋಟೆಗೆ ನಡೆಯಬಹುದು, ಆರು ಮೂಲೆಯ ಕೋಟೆ, 1644ರ ಅಂತರ್ಯುದ್ಧದಲ್ಲಿ ಮದ್ದು ಸಿಡಿದು ಒಂದು ಕಡೆ ಕುಸಿದಿದೆ. ಟಿಸ್‌ಬರಿ ಚರ್ಚಿನ ಅಂಗಳದಲ್ಲಿ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಸಮಾಧಿ ಇದೆ. ಬೊಂಬಾಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿಸಿ, ಲಾಹೋರ್ ಮ್ಯೂಸಿಯಂ ನೋಡಿಕೊಂಡವರು ಕೊನೆಗೆ ಬಂದು ನೆಲೆಸಿದ್ದು ಈ ಹಳ್ಳಿಯಲ್ಲಿ.

ಅದೇ ರೈಲಿನಲ್ಲಿ ಮುಂದೆ ಗಿಲ್ಲಿಂಗಮ್‌ಗೆ ಹೋಗಿ, ಟ್ಯಾಕ್ಸಿ ಹಿಡಿದರೆ ಸ್ಟೌರ್‌ಹೆಡ್ ತೋಟ. ಕೆರೆ ಸುತ್ತ 18ನೇ ಶತಮಾನದಲ್ಲಿ ಮಾಡಿದ್ದು, ಅಕ್ಟೋಬರ್‌ನಲ್ಲಿ ಎಲೆಗಳ ಬಣ್ಣ ನೀರಿನಲ್ಲಿ ನೋಡಬೇಕು. ಟಿಕೆಟ್ ಕೊಳ್ಳುವಾಗ ಹುಷಾರು: ಗಿಲ್ಲಿಂಗಮ್ ಎರಡಿವೆ. ನಿಮಗೆ ಬೇಕಾದ್ದು ಡಾರ್ಸೆಟ್‌ದು, ಕೆಂಟ್‌ದಲ್ಲ.

ವಿಲ್ಟನ್ ಬಸ್ಸಿನಲ್ಲಿ ಹತ್ತಿರ. ಅಲ್ಲಿಯ ಅರಮನೆಯಂಥ ಮನೆ ಬೇಸಿಗೆಯಲ್ಲಿ ಮಾತ್ರ ತೆರೆದಿರುತ್ತದೆ. ಬಾತ್‌ಗೂ ನೇರ ರೈಲಿದೆ, ಸುಮಾರು ಒಂದು ಗಂಟೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಸಿಗುತ್ತದೆ, ಈಗ ಪ್ರತಿ ಪಬ್ಬಿನಲ್ಲೂ ಒಂದೆರಡು ಬಗೆ ಇರುತ್ತದೆ. ಹಳ್ಳಿ ಪಬ್ಬುಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿ ಸಂಜೆ ತೆರೆಯುವುದು ಮಾಮೂಲು. ರಾತ್ರಿ ಎಂಟರೊಳಗೆ ಕೂತುಬಿಡಿ. ಮೂರು ವಿಷಯ ಕೇಳಿ ತಿಳಿದುಕೊಳ್ಳಿ. ಚಿಪ್ಸ್ ಕರಿದಿರುವುದು ಯಾವ ಎಣ್ಣೆಯಲ್ಲಿ, ಕೆಲವು ಅಂಗಡಿಗಳಲ್ಲಿ ದನದ ಕೊಬ್ಬು ಬಳಸುತ್ತಾರೆ. ಗ್ರೇವಿ ಮಾಂಸದ್ದಾ ತರಕಾರಿಯದ್ದಾ. ಮೂರನೆಯದು ಈ ಸೀಮೆಯದೇ ತಿಂಡಿ, ಲಾರ್ಡಿ ಕೇಕ್. ನೋಡಲು ಬನ್ನಿನಂತೆ, ಒಣದ್ರಾಕ್ಷಿ, ಸಕ್ಕರೆ ಎಲ್ಲ ಇದೆ, ಆದರೆ ಪದರಗಳಲ್ಲಿ ಇರುವುದು ಹಂದಿ ಕೊಬ್ಬು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಅದರ ಬದಲು ಕ್ರೀಮ್ ಟೀ ತೆಗೆದುಕೊಳ್ಳಿ: ಬಿಸಿ ಸ್ಕೋನ್, ಜಾಮ್, ಗಟ್ಟಿ ಕೆನೆ, ಚಹಾ. ಮಂಗಳವಾರ, ಶನಿವಾರ ಊರಿನ ಚೌಕದಲ್ಲಿ ಸಂತೆ, ಹಣ್ಣು ಅಲ್ಲಿ ಚೆನ್ನಾಗಿರುತ್ತದೆ. ನಲ್ಲಿ ನೀರು ಧೈರ್ಯವಾಗಿ ಕುಡಿಯಿರಿ.

ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಊರು ಸಮತಟ್ಟು, ಕೆಥೀಡ್ರಲ್ ನೆಲವೂ ಹಾಗೇ, ಗಾಲಿಕುರ್ಚಿ ಓಡಾಡುತ್ತದೆ. ಕ್ಲೋಸ್ ತುಂಬ ಬೆಂಚುಗಳು. ಓಲ್ಡ್ ಸಾರಂ ಏರು ಮಾತ್ರ ಕಷ್ಟ.

2018ರಲ್ಲಿ ಅಲ್ಲಿ ವಿಷದ ಘಟನೆ ಆಗಿತ್ತಲ್ಲ? ಈಗ ಭಯ ಇಲ್ವಾ?

ಇಲ್ಲ. ನೋವಿಚಾಕ್ ಎಂಬ ನರವಿಷ ಬಳಸಿದ ಆ ದಾಳಿಯ ನಂತರ ಒಂದು ವರ್ಷ ಜಾಗ ಜಾಗವನ್ನೂ ಶುಚಿ ಮಾಡಿದರು. ಏನೂ ಅರಿಯದ ಸ್ಥಳೀಯ ಹೆಣ್ಣುಮಗಳೊಬ್ಬರು ಅದರಲ್ಲಿ ತೀರಿಕೊಂಡರು, ಅಂಗಡಿಯವರು ತಿಂಗಳುಗಟ್ಟಲೆ ವ್ಯಾಪಾರ ಇಲ್ಲದೆ ಕೂತರು. ಊರಿನವರಿಗೆ ಅದು ಇನ್ನೂ ಹಸಿ ನೋವು. ಆ ಬೆಂಚು ಎಲ್ಲಿ, ಆ ಮನೆ ಎಲ್ಲಿ ಎಂದು ದಯವಿಟ್ಟು ಕೇಳಬೇಡಿ.

ನಮಗೆ ನಿಜವಾಗಲೂ ಒಂದೇ ದಿನ ಇರುವುದು. ಏನು ಮಾಡಲಿ?

ಹಾಗಿದ್ದರೆ ಟೂರ್ ಬಸ್ ಬಿಟ್ಟು ರೈಲಿನಲ್ಲಿ ಬನ್ನಿ. ಬಂದ ತಕ್ಷಣ ನಿಲ್ದಾಣದಿಂದಲೇ ಸ್ಟೋನ್‌ಹೆಂಜ್ ಬಸ್ ಹತ್ತಿ, ಮಧ್ಯಾಹ್ನದೊಳಗೆ ವಾಪಸ್ ಬನ್ನಿ. ಚೌಕದಲ್ಲಿ ಊಟ ಮಾಡಿ, ಎರಡು ಗಂಟೆಗೆ ಕೆಥೀಡ್ರಲ್. ಟವರ್ ಹತ್ತುವುದು ಬಿಡಿ, ಗಡಿಯಾರ ಮತ್ತು ಹಾಳೆ ಬಿಡಬೇಡಿ. ನಾಲ್ಕಕ್ಕೆ ಹೊರಬಂದು ಟೌನ್ ಪಾತ್‌ನಲ್ಲಿ ಗಿರಣಿಯವರೆಗೆ ನಡೆದು ತಿರುಗಿ. ಐದೂಕಾಲಿಗೆ ಮತ್ತೆ ಕೆಥೀಡ್ರಲ್ ಬಾಗಿಲಿನಲ್ಲಿರಿ, ಹಾಡಿಗೆ ಬಂದಿದ್ದೇವೆ ಎಂದರೆ ಒಳಗೆ ಕರೆದು ಕೂರಿಸುತ್ತಾರೆ. ಮುಗಿದ ಮೇಲೂ ಲಂಡನ್ನಿಗೆ ರೈಲುಗಳು ಬೇಕಾದಷ್ಟಿವೆ.